ಸುರಕ್ಷತೆ ಬೇರೆ, ಭದ್ರತೆ ಬೇರೆ



ರೈಲ್ವೆ ನಿಲ್ದಾಣಗಳಲ್ಲಿ 'ರೇಲ್ವೇ ಸುರಕ್ಷಾ ಬಲ್' ಎಂಬ ಹಿಂದಿ ಫಲಕವನ್ನು ನಾವೆಲ್ಲ ನೋಡಿದ್ದೇವೆ. ಅದು ಕಳ್ಳಕಾಕರಿಂದ ರೈಲ್ವೆಯನ್ನು ಕಾಯುವ ಪಡೆ. ಅಪಘಾತವಾದಾಗ ತನಿಖೆಗೆ ಬರುವವರು 'ರೇಲ್ ಸಂರಕ್ಷಾ ಆಯುಕ್ತ್'. ಅಂದರೆ ಹಿಂದಿಯ ಕಚೇರಿ ಭಾಷೆಯಲ್ಲಿ ಸುರಕ್ಷಾ ಎಂದರೆ ಸೆಕ್ಯುರಿಟಿ, ಸಂರಕ್ಷಾ ಎಂದರೆ ಸೇಫ್ಟಿ. ಕನ್ನಡದಲ್ಲಿ ಸೇಫ್ಟಿಗೆ ಸುರಕ್ಷತೆ, ಸೆಕ್ಯುರಿಟಿಗೆ ಭದ್ರತೆ. ಹೊರನಾಡಿನಲ್ಲಿರುವ ನಮಗೆ ಇಲ್ಲೇ ಗೊಂದಲ ಶುರು.

ವಿಕಿರಣದ ವಿಷಯದಲ್ಲಿ ಈ ಗೊಂದಲ ಬರಿಯ ವ್ಯಾಕರಣದ ಮಾತಲ್ಲ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಕ್ಯಾನ್ಸರ್ ಚಿಕಿತ್ಸೆ ಇರುವಲ್ಲೆಲ್ಲ 'ರೇಡಿಯಾಲಾಜಿಕಲ್ ಸೇಫ್ಟಿ ಆಫೀಸರ್' ಎಂಬ ಹೊಣೆಗಾರರಿರಬೇಕು. ಹಿಂದಿಯ ಸಂರಕ್ಷಾ ಶಬ್ದವನ್ನು ಹಾಗೇ ತಂದು 'ವಿಕಿರಣ ಸಂರಕ್ಷಣಾಧಿಕಾರಿ' ಎಂದರೆ? ಅರಣ್ಯ ಸಂರಕ್ಷಣಾಧಿಕಾರಿ ಕಾಡನ್ನು ಉಳಿಸುವಂತೆ, ಇವರು ವಿಕಿರಣವನ್ನು ಉಳಿಸುವವರು ಎಂದಾದೀತು! 'ಭದ್ರತಾ ಅಧಿಕಾರಿ' ಎಂದರೆ ಗೇಟಿನ ಬಳಿಯ ಸಮವಸ್ತ್ರದವರು ನೆನಪಾಗುತ್ತಾರೆ. ಸರಿಯಾದ ಹೆಸರು 'ವಿಕಿರಣ ಸುರಕ್ಷತಾ ಅಧಿಕಾರಿ'.

ವ್ಯತ್ಯಾಸವನ್ನು ಹೀಗೆ ನೆನಪಿಡಬಹುದು. ವಿಕಿರಣ ವಸ್ತುವಿನಿಂದ ಮನುಷ್ಯರನ್ನು ಕಾಪಾಡುವುದು ಸುರಕ್ಷತೆ. ಮನುಷ್ಯರಿಂದ, ಅಂದರೆ ಕಳ್ಳರಿಂದ, ಆ ವಸ್ತುವನ್ನು ಕಾಪಾಡುವುದು ಭದ್ರತೆ.

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದದ್ದನ್ನು ನೋಡಿ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಸದೆ ಬಿಟ್ಟಿದ್ದ, ಕೋಬಾಲ್ಟ್-60 ತುಂಬಿದ ಯಂತ್ರವೊಂದು ಹರಾಜಾಗಿ ಗುಜರಿ ಸೇರಿತು. ಅದನ್ನು ಒಡೆದಾಗ ಹಲವರು ವಿಕಿರಣಕ್ಕೆ ತುತ್ತಾದರು, ಒಬ್ಬರು ಪ್ರಾಣ ಬಿಟ್ಟರು. ಆ ಯಂತ್ರವನ್ನು ಯಾರೂ ಕದ್ದಿರಲಿಲ್ಲ. ಕಾವಲುಗಾರ ಎಷ್ಟೇ ಎಚ್ಚರವಾಗಿದ್ದರೂ ಹರಾಜಾದ ಮಾಲನ್ನು ತಡೆಯುತ್ತಿರಲಿಲ್ಲ. "ಇದರೊಳಗೆ ಏನಿದೆ? ಹೊರಗೆ ಹೋಗಬಹುದೆ?" ಎಂದು ಕೇಳುವುದು ಸುರಕ್ಷತೆಯ ಕೆಲಸ. ಆ ಪ್ರಶ್ನೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಈ ಅಧಿಕಾರಿಯ ಕೆಲಸವೇನು? ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವ ಟಿ.ಎಲ್.ಡಿ. ಬಿಲ್ಲೆಯ ಲೆಕ್ಕ ನೋಡುವುದು ಒಂದು. ಬಿಲ್ಲೆ ವಿಕಿರಣವನ್ನು ತಡೆಯುವುದಿಲ್ಲ, ಎಷ್ಟು ತಗುಲಿತೆಂದು ದಾಖಲಿಸುತ್ತದೆ ಅಷ್ಟೆ. ನಮ್ಮ ದೇಶದಲ್ಲಿ ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಕೋಣೆಗಳಲ್ಲಿ ವಿಕಿರಣದ ಮಟ್ಟ ಅಳೆಯುವುದು, ಸಿಬ್ಬಂದಿಗೆ ತಿಳಿವಳಿಕೆ ಕೊಡುವುದು, ಆಡಳಿತಕ್ಕೆ ಸಲಹೆ ನೀಡುವುದು ಉಳಿದವು. ಸಣ್ಣ ಎಕ್ಸ್‌ರೇ ಕೇಂದ್ರಗಳಲ್ಲಿ ಅರ್ಹ ಸಿಬ್ಬಂದಿಯೊಬ್ಬರೇ ಈ ಹೊಣೆ ಹೊರುವುದುಂಟು.

ಇನ್ನು, ಎಲ್ಲರನ್ನೂ 'ವಿಕಿರಣ ತಜ್ಞರು' ಎನ್ನುವ ರೂಢಿ ಬಿಡಬೇಕು. ಚಿತ್ರ ನೋಡಿ ರೋಗ ಹೇಳುವ ವೈದ್ಯರು ರೇಡಿಯಾಲಜಿಸ್ಟ್. ಆ ಹೆಸರೇ ಇರಲಿ. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣದ ಪ್ರಮಾಣ ಲೆಕ್ಕ ಹಾಕುವವರು ವೈದ್ಯಕೀಯ ಭೌತವಿಜ್ಞಾನಿ.

ಕಚೇರಿಗಳ ಹೆಸರಿಗೂ ಇದೇ ಮಾತು. ಇವುಗಳಿಗೆ ಪರವಾನಗಿ ಕೊಟ್ಟು ತಪಾಸಣೆ ಮಾಡುವ ಸಂಸ್ಥೆ 1983ರ ನವೆಂಬರ್ 15ರಂದು ಸ್ಥಾಪನೆಯಾಯಿತು. ಮುಂಬಯಿಯ ಅಣುಶಕ್ತಿನಗರದಲ್ಲಿ ಅದರ ಕೇಂದ್ರ ಕಚೇರಿ. ಹಿಂದಿಯಲ್ಲಿ ಅದು 'ಪರಿಷದ್'. ನಮಗೆ ಪರಿಷತ್ತು ಎಂದೊಡನೆ ಸಾಹಿತ್ಯ ಪರಿಷತ್ತು ನೆನಪಾಗುವುದರಿಂದ 'ಪರಮಾಣು ಶಕ್ತಿ ನಿಯಂತ್ರಣ ಮಂಡಳಿ' ಎನ್ನುವುದು ಲೇಸು. ಇದನ್ನು 'ಅಣುಶಕ್ತಿ ಇಲಾಖೆ' ಎನ್ನಬಾರದು. ಕೆಲಸ ನಡೆಸುವವರೂ ಅದನ್ನು ಪರೀಕ್ಷಿಸುವವರೂ ಒಬ್ಬರೇ ಎಂಬ ತಪ್ಪು ತಿಳಿವಳಿಕೆ ಅದರಿಂದ ಹುಟ್ಟುತ್ತದೆ.

ಆಸ್ಪತ್ರೆಯಲ್ಲಿ ಅನುಮಾನ ಬಂದರೆ "ಇಲ್ಲಿ ಆರ್.ಎಸ್.ಓ. ಯಾರು?" ಎಂದು ಕೇಳಿ. ನಿಮಗೆ ಬೇಕಾದವರು ಅವರೇ. ಟ್ರಾಂಬೆ, ಕಲ್ಪಾಕ್ಕಂ, ಹೈದರಾಬಾದುಗಳಲ್ಲಿ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಕನ್ನಡಿಗರು ತಾವು ಬಳಸುವ ಶಬ್ದಗಳನ್ನು ಬರೆದು ಕಳಿಸಿದರೆ, ಅವನ್ನು ಕಾರ್ಯಕ್ರಮದಲ್ಲಿ ಹಂಚಿಕೊಳ್ಳುತ್ತೇವೆ.