ಗಾಳಿ ಶಿವನದು, ನೆಲ ಊರಿನದು

ಗಾಳಿಗೆ ಒಡೆಯನಿಲ್ಲ. ಹಿರೇಬೆಂಡಿಗೇರಿಯಂಥ ಊರುಗಳ ಕಣದಲ್ಲಿ ಜೋಳ ತೂರಿದ ಹಿರಿಯರು ಇದನ್ನು ಬಲ್ಲರು. ಅದೇ ಗಾಳಿ ಇಂದು ಮನೆಯ ದೀಪವನ್ನೂ ಬೆಳಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ 8 ಪಟ್ಟಾಗುತ್ತದೆ. ಆದ್ದರಿಂದಲೇ ಕಂಪನಿಗಳು ಗುಡ್ಡದ ನೆತ್ತಿಯನ್ನು ಹುಡುಕುತ್ತವೆ. ಕಲ್ಲಿದ್ದಲಿನ ಹೊಗೆಯಿಲ್ಲದ ಈ ಬೆಳಕು ಒಳ್ಳೆಯದೇ.

ಆದರೆ ಗಾಳಿಯಂತ್ರ ಬೇಕೋ ಬೇಡವೋ ಎಂಬ ಮಾತು ಊರಿಗೆ ಬಂದಾಗ ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ನೆನೆಯಬೇಕು. ಔಷಧಿ ಸಸ್ಯಗಳ ಆ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಉದ್ದನೆಯ ರೆಕ್ಕೆ ಸಾಗಿಸಲು ಅಗಲವಾದ ರಸ್ತೆ ಬೇಕು. ರಸ್ತೆಗೆ ಗುಡ್ಡ ಕಡಿಯಬೇಕು. ಅಲ್ಲಿ ಗಣಿಗಾರಿಕೆಯ ಭೀತಿಯೂ ಎದುರಾದಾಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು 2017ರಲ್ಲಿ ಜನರೊಡನೆ ಧರಣಿ ಕುಳಿತರು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ಕಾಣುವ ಮೊದಲೇ, 2018ರಲ್ಲಿ, ಪೂಜ್ಯರು ಲಿಂಗೈಕ್ಯರಾಗಿದ್ದರು. ತಾವು ಕಾಣದ ಕಾಲಕ್ಕಾಗಿ ದುಡಿಯುವುದೂ ದಾಸೋಹವೇ.

ಗಾಳಿಯಂತ್ರದ ಆಯುಷ್ಯ ಸುಮಾರು 20ರಿಂದ 25 ವರ್ಷ. ಇಂದು ಕರಾರಿಗೆ ಹೆಬ್ಬೆಟ್ಟು ಒತ್ತುವ ಅಜ್ಜ ಅದರ ಕೊನೆಯನ್ನು ಕಾಣಲಿಕ್ಕಿಲ್ಲ, ಮೊಮ್ಮಗ ಕಾಣುತ್ತಾನೆ. ಆದ್ದರಿಂದ ಕರಾರನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿಸಿರಿ. ಗೋಮಾಳಕ್ಕೆ ದನ ಹೋಗುವ ದಾರಿ ಉಳಿಯುವುದೇ? ಮಳೆನೀರು ಎಂದಿನಂತೆ ಕೆರೆಗೆ ಹರಿಯುವುದೇ? ಆಯುಷ್ಯ ತೀರಿದ ಕಂಬವನ್ನು ಕೀಳುವವರು ಯಾರು? ಬರುವ ಹಣದಲ್ಲಿ ಹೊಲವಿಲ್ಲದವನ ಪಾಲೆಷ್ಟು?

ಉತ್ತರ ಬರಹದಲ್ಲಿ ಸಿಕ್ಕರೆ ಒಪ್ಪಿರಿ; ಸಿಗುವತನಕ ಹೆಬ್ಬೆಟ್ಟಿಗೆ ಮಸಿ ಹಚ್ಚಬೇಡಿರಿ. ಒಬ್ಬರ ಹೊಲದ ಲಾಭಕ್ಕೆ ಇಡೀ ಊರು ಒಡೆದರೆ, ಆ ದೀಪದಿಂದ ಯಾರ ಮನೆ ಬೆಳಗೀತು?