ನೀರಿಗೆ ದಾರಿ, ನೆಲಮಾಳಿಗೆಗೆ ನೆಮ್ಮದಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹೊಸ ಮನೆಯನ್ನು ಕಟ್ಟುವ ಕಷ್ಟವನ್ನು ಈ ಗಾದೆ ಹೇಳುತ್ತದೆ. ಪರರು ನೂರು ವರ್ಷಗಳ ಹಿಂದೆ ಕಟ್ಟಿದ ಮನೆಯನ್ನು ಕೊಂಡು ಕಾಪಾಡಿಕೊಳ್ಳುವ ಕಷ್ಟವೂ ಅದಕ್ಕಿಂತ ಕಡಿಮೆಯದಲ್ಲ. ಇಂದು ನಮ್ಮ ಬಂಧುಗಳ ಮಕ್ಕಳು ಅನೇಕರು ವೈದ್ಯರಾಗಿ, ಇಂಜಿನಿಯರರಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಅಲ್ಲಿನ ಹಳೆಯ ಮನೆಗಳನ್ನು ಸಾಲಮಾಡಿ ಕೊಳ್ಳುತ್ತಿದ್ದಾರೆ. ಆ ಮನೆಗಳಿಗೆ ಸಾಮಾನ್ಯವಾಗಿ ಒಂದು ನೆಲಮಾಳಿಗೆ ಇರುತ್ತದೆ. ಮಕ್ಕಳ ಓದಿಗಾಗಲಿ, ಊರಿನಿಂದ ಬರುವ ತಂದೆತಾಯಿಗಳ ವಾಸಕ್ಕಾಗಲಿ ಅದನ್ನೇ ಸಜ್ಜುಗೊಳಿಸುವ ಆಲೋಚನೆ ಸಹಜವಾಗಿಯೇ ಬರುತ್ತದೆ. ಆದರೆ ಆ ಕೋಣೆಯ ಗೋಡೆ ಒದ್ದೆ, ನೆಲ ತಂಪು, ಗಾಳಿಯಲ್ಲಿ ಬೂಷ್ಟಿನ ವಾಸನೆ. ಇದಕ್ಕೆ ಅಲ್ಲಿ ಬಳಕೆಯಲ್ಲಿರುವ ಒಂದು ವಿಧಾನವನ್ನು ಓದುಗ ಬಂಧುಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಅದರ ಹೆಸರು 'ಕ್ಯಾವಿಟಿ ಡ್ರೇನ್ ಮೆಂಬ್ರೇನ್'. ಗೋಡೆಗೂ ಕೋಣೆಗೂ ನಡುವೆ ಟೊಳ್ಳು ಉಳಿಸಿ, ಅದರ ಮೂಲಕ ನೀರನ್ನು ಹರಿಸಿಬಿಡುವ ಹಾಳೆ ಎಂದು ಇದನ್ನು ತಿಳಿಯಬಹುದು.

ಕಲ್ಲಿದ್ದಲಿನ ಕೋಣೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ ಮೊದಲಾದ ನಗರಗಳಲ್ಲಿ ಸಾಲುಮನೆಗಳನ್ನು ಕಟ್ಟಿದಾಗ ನೆಲದಡಿಯ ಕೋಣೆಯನ್ನು ಬಹುಮಟ್ಟಿಗೆ ಕಲ್ಲಿದ್ದಲು ತುಂಬಿಡಲೆಂದು ಮಾಡುತ್ತಿದ್ದರು. ಬೀದಿಯ ಕಾಲುದಾರಿಯಲ್ಲಿ ಎರಕದ ಕಬ್ಬಿಣದ ದುಂಡು ಮುಚ್ಚಳ; ಅದನ್ನು ತೆರೆದು ಗಾಡಿಯವನು ಮೇಲಿನಿಂದಲೇ ಕಲ್ಲಿದ್ದಲು ಸುರಿದು ಹೋಗುತ್ತಿದ್ದ. ಅಂತಹ ಮುಚ್ಚಳಗಳನ್ನು ಲಂಡನ್ನಿನ ಹಳೆಯ ಬೀದಿಗಳಲ್ಲಿ ಇಂದಿಗೂ ಕಾಣಬಹುದು. 1952ರ ಡಿಸೆಂಬರಿನ ವಿಷಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ 1956ರಲ್ಲಿ ಶುದ್ಧವಾಯು ಕಾಯಿದೆ ಬಂದಿತು. ಮುಂದೆ ಮನೆಮನೆಗೂ ಅನಿಲ ಬಂದು ಕಲ್ಲಿದ್ದಲು ಮರೆಯಾಯಿತು. ಕೋಣೆಗಳು ಬರಿದಾಗಿ ಉಳಿದವು.

ಕಲ್ಲಿದ್ದಲಿಗೆ ತೇವವಾದರೂ ನಡೆಯುತ್ತಿತ್ತು. ಮನುಷ್ಯನಿಗೆ ನಡೆಯದು. ಬೂಷ್ಟು ಹಿಡಿದ ಕೋಣೆಯ ಗಾಳಿ ಉಬ್ಬಸದವರಿಗೆ, ವೃದ್ಧರಿಗೆ, ಎಳೆಯ ಮಕ್ಕಳಿಗೆ ಅಪಾಯಕಾರಿ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಬಾಡಿಗೆಯ ಮನೆಯೊಂದರಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯೊಳಗಿನ ಬೂಷ್ಟಿನ ದೀರ್ಘಕಾಲದ ಸಂಪರ್ಕದಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಅಲ್ಲಿನ ಮರಣವಿಚಾರಣಾಧಿಕಾರಿಗಳು ತೀರ್ಮಾನಿಸಿದರು. ಅದು ನೆಲಮಾಳಿಗೆಯ ಪ್ರಕರಣವಲ್ಲ. ಆದರೂ ತೇವವನ್ನು ಸಣ್ಣ ತೊಂದರೆಯೆಂದು ಬಗೆದು ಬಣ್ಣ ಬಳಿದು ಮುಚ್ಚಬಾರದೆಂಬ ಪಾಠ ಅದರಲ್ಲಿದೆ.

ನೀರಿನ ಒತ್ತಡ

ಮಣ್ಣಿನಲ್ಲಿ ನಿಂತ ನೀರು ಗೋಡೆಯನ್ನು ಒತ್ತುತ್ತದೆ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ: ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ, ಎರಡು ಮೀಟರ್ ಆಳದಲ್ಲಿ ಎರಡು ಟನ್. ಈ ಒತ್ತಡವನ್ನು ಗಾರೆಯ ಲೇಪದಿಂದ ತಡೆಯುವುದು ಹಳೆಯ ಮಾರ್ಗ. ಲೇಪ ಎಲ್ಲಿಯೂ ಬಿರಿಯದೆ, ಹಿಂದಿನ ಗೋಡೆ ಎಲ್ಲಿಯೂ ಸಡಿಲವಾಗದೆ ಇದ್ದರೆ ಅದು ನಿಲ್ಲುತ್ತದೆ. ಆದರೆ ಹಳೆಯ ಇಟ್ಟಿಗೆಯ ಗೋಡೆ ಕದಲುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒತ್ತಡದಲ್ಲಿರುವ ನೀರಿಗೆ ಅಷ್ಟು ಸಂದು ಸಾಕು.

ಬ್ರಿಟನ್ನಿನಲ್ಲಿ ಈ ವಿಷಯಕ್ಕೆ 'ಬಿ.ಎಸ್. 8102' ಎಂಬ ನಿಯಮಾವಳಿ ಇದೆ. 1990ರಲ್ಲಿ ಹೊರಬಂದ ಇದು 2009ರಲ್ಲಿಯೂ ಮತ್ತೆ 2022ರಲ್ಲಿಯೂ ಪರಿಷ್ಕೃತವಾಗಿದೆ. ಇದು ರಕ್ಷಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. 'ಎ' ಬಗೆಯಲ್ಲಿ ಲೇಪ ಅಥವಾ ಹೊದಿಕೆಯಿಂದ ನೀರನ್ನು ತಡೆಯುವುದು. 'ಬಿ' ಬಗೆಯಲ್ಲಿ ಕಾಂಕ್ರೀಟಿನ ರಚನೆಯೇ ನೀರಿಗೆ ಎಡೆಗೊಡದಂತೆ ಕಟ್ಟುವುದು. 'ಸಿ' ಬಗೆಯಲ್ಲಿ ನುಸುಳಿ ಬಂದ ನೀರನ್ನು ಹಿಡಿದು ಹೊರಗೆ ಸಾಗಿಸುವುದು. ನಾವು ಹೇಳಹೊರಟಿರುವುದು ಮೂರನೆಯ ಬಗೆಯನ್ನು. ಇಲ್ಲಿ ನೀರಿನೊಡನೆ ಹೋರಾಟವಿಲ್ಲ. ಅದಕ್ಕೆ ಒಂದು ದಾರಿಯನ್ನು ಮಾಡಿಕೊಟ್ಟರೆ ಹಾಳೆಯ ಹಿಂದೆ ಒತ್ತಡವೇ ಕಟ್ಟುವುದಿಲ್ಲ. ಒತ್ತಡವಿಲ್ಲದ ನೀರು ತಾನಾಗಿ ಕೆಳಗಿಳಿದು ಹೋಗುತ್ತದೆ.

ಈ ತತ್ತ್ವ ನಮ್ಮ ಜನಕ್ಕೆ ತೀರ ಹೊಸದೇನಲ್ಲ. ಉತ್ತರ ಕರ್ನಾಟಕದ ಹಗೇವುಗಳನ್ನು ಬಲ್ಲವರು ನೆನಪು ಮಾಡಿಕೊಳ್ಳಲಿ. ನೆಲದೊಳಗೆ ಜೋಳ ತುಂಬುವ ಮುನ್ನ ಸುತ್ತಲೂ ಹುಲ್ಲು ಹೊದಿಸಿ, ಕಾಳು ಮಣ್ಣಿಗೆ ತಾಗದಂತೆ ಮಾಡುತ್ತಿದ್ದರು. ವಸ್ತುವಿಗೂ ಮಣ್ಣಿಗೂ ನಡುವೆ ಒಂದು ಅಂತರ ಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಮೊದಲು ಮೂಲವನ್ನು ಹುಡುಕಬೇಕು

ಕೆಲಸಕ್ಕೆ ಕೈಹಾಕುವ ಮುನ್ನ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯಬೇಕು. ಒಡೆದ ಮಳೆನೀರಿನ ಕೊಳವೆ, ಸೋರುವ ನಲ್ಲಿಯ ಪೈಪು, ಬಿರಿದ ಚರಂಡಿ ಇವೇ ಕಾರಣವಾಗಿದ್ದರೆ ಅವುಗಳ ದುರಸ್ತಿ ಮೊದಲು ಆಗಬೇಕು. ಅಂತರ್ಜಲವೇ ಕಾರಣವಾದರೆ ಮಳೆಗಾಲದಲ್ಲಿ ಅದು ಎಷ್ಟು ಮೇಲೇರಬಹುದೆಂಬ ಅಂದಾಜು ಬೇಕು. ಬೇಸಿಗೆಯಲ್ಲಿ ಒಣಗಿ ಕಾಣುವ ಗೋಡೆಯನ್ನು ನಂಬಬಾರದು. ನೀರು ಎಂದಾದರೊಂದು ದಿನ ಬಂದೇ ಬರುತ್ತದೆಂದು ಎಣಿಸಿ ಯೋಜನೆ ಮಾಡುವುದು ಬಲ್ಲವರ ರೀತಿ.

ಇಲ್ಲಿ ಒಂದು ಎಚ್ಚರಿಕೆ. ಗೋಡೆಗೆ ತೂತು ಕೊರೆದು ರಾಸಾಯನಿಕವನ್ನು ತುಂಬಿದರೆ ಸಾಕೆಂದು ಕೆಲವರು ಹೇಳಬಹುದು. ಆ ಚಿಕಿತ್ಸೆ ನೆಲದಿಂದ ಗೋಡೆಗೆ ಮೇಲೇರುವ ತೇವಕ್ಕೆ ಉದ್ದೇಶಿಸಿದ್ದು. ಮಣ್ಣಿನಿಂದ ಅಡ್ಡಲಾಗಿ ಒತ್ತಿ ಬರುವ ನೀರಿಗೆ ಅದು ಉತ್ತರವಲ್ಲ.

ಗೋಡೆಯ ಕೆಲಸ

ಹಳೆಯ ಗಿಲಾವು, ಕಾಗದ, ಮರದ ಪಟ್ಟಿಗಳನ್ನು ಪೂರ್ತಿಯಾಗಿ ತೆಗೆಯಬೇಕು. ಹಾಳೆಯ ಹಿಂದೆ ಕೊಳೆಯುವ ವಸ್ತು ಯಾವುದೂ ಉಳಿಯಕೂಡದು. ಬೂಷ್ಟನ್ನು ಔಷಧದಿಂದ ತೊಳೆದು, ಧಾರೆಯಾಗಿ ಸುರಿಯುವ ಜಾಗವಿದ್ದರೆ ಬೇಗ ಗಟ್ಟಿಯಾಗುವ ಸಿಮೆಂಟಿನಿಂದ ಮುಚ್ಚಬೇಕು. ಹೊಸ ಕಾಂಕ್ರೀಟಾದರೆ ಅದರೊಳಗಿನ ಸುಣ್ಣ ನೀರಿನೊಡನೆ ಕರಗಿ ಬಂದು ಮುಂದೆ ಕಾಲುವೆಯಲ್ಲಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸುಣ್ಣವನ್ನು ತಡೆಯುವ ಲೇಪವನ್ನು ಮೊದಲೇ ಕೊಡುತ್ತಾರೆ.

ಅನಂತರ ಹಾಳೆ. ಇದು ಪಾಲಿಥೀನಿನ ಗಟ್ಟಿ ಜಾತಿಯದು, ಮೈತುಂಬ ಗುಬುಟುಗಳಿರುತ್ತವೆ. ಗೋಡೆಗೆ ಸಾಮಾನ್ಯವಾಗಿ 8 ಮಿಲಿಮೀಟರ್ ಎತ್ತರದ ಗುಬುಟುಗಳ ಹಾಳೆ, ನೆಲಕ್ಕೆ ಹೆಚ್ಚಾಗಿ 20 ಮಿಲಿಮೀಟರಿನದು. ಗುಬುಟುಗಳು ಗೋಡೆಯ ಕಡೆಗೆ ಮುಖಮಾಡಿರಬೇಕು; ಅವುಗಳ ನಡುವಿನ ಟೊಳ್ಳೇ ನೀರಿನ ದಾರಿ. ಹಾಳೆಯ ಮೂಲಕ ಗೋಡೆಗೆ ತೂತು ಕೊರೆದು, ನೀರು ನುಸುಳದಂತೆ ಅಂಟಿನ ಉಂಗುರವಿರುವ ಬಿರಡೆಯನ್ನು ಬಡಿದು ನಿಲ್ಲಿಸುತ್ತಾರೆ. ಒಂದು ಹಾಳೆಯ ಅಂಚು ಇನ್ನೊಂದರ ಮೇಲೆ ಬರುವಂತೆ ಹಾಸಿ ಬ್ಯೂಟೈಲ್ ಪಟ್ಟಿಯಿಂದ ಬೆಸೆಯುತ್ತಾರೆ. ಮೂಲೆಗಳಲ್ಲಿ, ಪೈಪುಗಳು ಹಾದುಹೋಗುವೆಡೆಗಳಲ್ಲಿ ವಿಶೇಷ ಜಾಗರೂಕತೆ ಬೇಕು. ಹಾಳೆಯ ಮುಂದೆ ಪ್ರತ್ಯೇಕ ಚೌಕಟ್ಟು ನಿಲ್ಲಿಸಿ, ಉಷ್ಣರೋಧಕವನ್ನು ಅಳವಡಿಸಿ, ಹಲಗೆ ಹೊಡೆದರೆ ಒಣ ಗೋಡೆ ಸಿದ್ಧವಾಯಿತು. ವಿದ್ಯುತ್ತಿನ ತಂತಿಗಳೆಲ್ಲ ಈ ಚೌಕಟ್ಟಿನಲ್ಲಿಯೇ ಸಾಗಬೇಕು.

ನೆಲ, ಕಾಲುವೆ, ಸಂಪು

ಈ ವಿಧಾನದ ಜೀವಾಳ ಇರುವುದು ಕೆಳಗೆ. ಗೋಡೆಯೂ ನೆಲವೂ ಕೂಡುವ ಸಂದಿನಲ್ಲಿ ಸುತ್ತಲೂ ಒಂದು ಕಾಲುವೆಯನ್ನು ಇಡುತ್ತಾರೆ. ಗೋಡೆಯ ಹಾಳೆಯ ಹಿಂದೆ ಇಳಿದ ನೀರೂ, ನೆಲದ ಹಾಳೆಯ ಕೆಳಗೆ ಒಸರಿದ ನೀರೂ ಇದಕ್ಕೆ ಬಂದು ಸೇರುತ್ತವೆ. ಕಾಲುವೆಗೆ ಅಲ್ಲಲ್ಲಿ ತಪಾಸಣೆಯ ಬಾಯಿಗಳನ್ನು ಬಿಡಬೇಕು. ಹೂಳು ಕಟ್ಟಿದಾಗ ಅಲ್ಲಿಂದಲೇ ನೀರು ಹಾಯಿಸಿ ತೊಳೆಯುವುದು. ನೆಲದ ಹಾಳೆಯನ್ನು ಗುಬುಟು ಕೆಳಮುಖವಾಗಿ ಹಾಸಿ, ಗೋಡೆಯ ಹಾಳೆಯೊಡನೆ ಪಟ್ಟಿಯಿಂದ ಕೂಡಿಸಿ, ಅದರ ಮೇಲೆ ಉಷ್ಣರೋಧಕವನ್ನೂ ನೆಲಹಾಸನ್ನೂ ಮಾಡುತ್ತಾರೆ.

ಕಾಲುವೆಯ ನೀರು ಕೊನೆಗೆ 'ಸಂಪ್' ಎಂಬ ಕುಣಿಗೆ ಹೋಗುತ್ತದೆ. ನಮ್ಮಲ್ಲಿ ಸಂಪು ಎಂದರೆ ಬಳಸುವ ನೀರನ್ನು ತುಂಬಿಡುವ ತೊಟ್ಟಿ. ಅಲ್ಲಿ ಅದು ಬೇಡದ ನೀರನ್ನು ಕೂಡಿಸಿ ಹೊರದೂಡುವ ಕುಣಿ. ನೀರು ಒಂದು ಮಟ್ಟಕ್ಕೇರಿದೊಡನೆ ತೇಲುಗುಂಡು ಮೇಲೆದ್ದು ಪಂಪು ತಾನಾಗಿ ನಡೆಯುತ್ತದೆ. ಒಂದು ಪಂಪಿನ ಮೇಲೆಯೇ ಭಾರ ಹಾಕುವುದು ವಿವೇಕವಲ್ಲ. ಎರಡನೆಯ ಪಂಪು, ವಿದ್ಯುತ್ತು ಹೋದಾಗ ನಡೆಸುವ ಬ್ಯಾಟರಿ, ನೀರು ಮಿತಿಮೀರಿದರೆ ಕೂಗುವ ಗಂಟೆ ಇವು ಮೂರೂ ಇರಬೇಕು. ಬಿರುಮಳೆಯ ರಾತ್ರಿಯಲ್ಲಿಯೇ ವಿದ್ಯುತ್ತು ಹೋಗುವುದುಂಟು. ಮನೆ ಇಳಿಜಾರಿನಲ್ಲಿದ್ದು ನೀರು ತಾನಾಗಿ ಹೊರಗೆ ಹರಿಯುವಂತಿದ್ದರೆ ಪಂಪಿನ ಅಗತ್ಯವೇ ಇಲ್ಲ.

ಎಲ್ಲವನ್ನೂ ಮುಚ್ಚುವ ಮುನ್ನ ಕಾಲುವೆಗೆ ನೀರು ಸುರಿದು, ಅದು ಸಂಪಿಗೆ ತಲುಪುವುದೇ, ಪಂಪು ಅದನ್ನು ಹೊರದೂಡುವುದೇ ಎಂದು ಮನೆಯವರ ಕಣ್ಣೆದುರಿಗೇ ಪರೀಕ್ಷಿಸಬೇಕು. ಈ ಪರೀಕ್ಷೆ ಆಗದೆ ಕೊನೆಯ ಕಂತಿನ ಹಣ ಕೊಡಬಾರದು.

ಮನೆಯವರ ಪಾಲಿನ ಕರ್ತವ್ಯ

ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ವರ್ಷಕ್ಕೊಮ್ಮೆಯಾದರೂ ಕಾಲುವೆಯನ್ನು ತೊಳೆಸಿ, ಪಂಪು ಮತ್ತು ಬ್ಯಾಟರಿಗಳನ್ನು ಪರೀಕ್ಷಿಸಬೇಕು. ಈ ಸೇವೆ ತಪ್ಪಿದರೆ ಕಂಪನಿಯವರು ಕೊಟ್ಟ ಖಾತರಿಯೂ ತಪ್ಪಬಹುದು. ಕಂಪನಿ ಮುಚ್ಚಿಹೋದರೂ ನಿಲ್ಲುವಂತಹ, ವಿಮೆಯ ಬೆಂಬಲವುಳ್ಳ ಖಾತರಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಮನೆಯ ಹಿರಿಯರಿಗೂ ಗೃಹಿಣಿಯರಿಗೂ ಒಂದು ಮಾತು. ಆ ಕೋಣೆಯ ಗೋಡೆಗೆ ಉದ್ದ ಮೊಳೆ ಹೊಡೆಯಬೇಡಿ. ನೆಲಕ್ಕೆ ತಿರುಪು ಕೊರೆಯಬೇಡಿ. ದೇವರ ಪಟವೇ ಆಗಲಿ, ಹಿರಿಯರ ಭಾವಚಿತ್ರವೇ ಆಗಲಿ, ತೂಗುಹಾಕುವ ಜಾಗವನ್ನು ಚೌಕಟ್ಟು ನಿಲ್ಲಿಸುವಾಗಲೇ ಗುರುತಿಸಿ ಅಲ್ಲಿ ಮರದ ಆಧಾರ ಕೊಡಿಸಿಕೊಳ್ಳಿ. ಒಂದು ಮೊಳೆ ಹಾಳೆಯನ್ನು ತೂತು ಮಾಡಿದರೆ ಅದನ್ನು ಹುಡುಕಲು ಗೋಡೆಯನ್ನೇ ಬಿಚ್ಚಬೇಕಾದೀತು. ಒದ್ದೆ ಬಟ್ಟೆಯನ್ನು ಅಲ್ಲಿ ಒಣಗಿಸಬೇಡಿ. ಹಾಳೆ ತಡೆಯುವುದು ಮಣ್ಣಿನ ನೀರನ್ನು. ಉಸಿರಿನಿಂದಲೂ ಅಡಿಗೆಯಿಂದಲೂ ಬರುವ ಹಬೆಯನ್ನಲ್ಲ. ವಾಸದ ಕೋಣೆಗೆ ಗಾಳಿಯ ಏರ್ಪಾಡು ಬೇಕೇ ಬೇಕು. ಕಾರ್ನ್‌ವಾಲಿನಂತಹ ಕಡೆಗಳಲ್ಲಿ ನೆಲದಿಂದ ರೇಡಾನ್ ಅನಿಲವೂ ಏಳುತ್ತದೆ. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು.

ಕಾನೂನಿನ ಕಡೆಗೂ ಗಮನವಿರಲಿ. ಬರಿದಾದ ನೆಲಮಾಳಿಗೆಯನ್ನು ವಾಸದ ಕೋಣೆಯಾಗಿ ಮಾರ್ಪಡಿಸಲು ಕಟ್ಟಡ ನಿಯಮಗಳ ಪ್ರಕಾರ ಅನುಮತಿ ಬೇಕು. ಬೆಂಕಿ ಹೊತ್ತಿದಾಗ ಪಾರಾಗುವ ದಾರಿಯಿಲ್ಲದ ಕೋಣೆಯಲ್ಲಿ ಹೆತ್ತವರನ್ನೋ ಮಕ್ಕಳನ್ನೋ ಮಲಗಿಸುವುದು ಸಲ್ಲದು.

ನಮ್ಮ ಊರುಗಳಿಗೆ

ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆಗಳು ಈಗ ಸಾಮಾನ್ಯವಾಗಿವೆ. ಅವುಗಳ ಗೋಡೆಯಲ್ಲಿ ಒಸರುವ ನೀರಿಗೂ ಮೇಲಿನ ತತ್ತ್ವ ಅನ್ವಯಿಸುತ್ತದೆ. ಆದರೆ ರಸ್ತೆಯಿಂದ ಇಳಿಜಾರಿನಲ್ಲಿ ನುಗ್ಗಿಬರುವ ಮಳೆನೀರು ಬೇರೆ ಮಾತು. ಅದಕ್ಕೆ ಯಾವ ಹಾಳೆಯೂ ಮದ್ದಲ್ಲ. ಪ್ರವೇಶದ್ವಾರದಲ್ಲಿ ನೆಲವನ್ನು ಎತ್ತರಿಸುವುದು, ಅಡ್ಡ ಚರಂಡಿ ಮಾಡುವುದು, ರಾಜಕಾಲುವೆಗಳನ್ನು ತೆರವಾಗಿಡುವುದು ಇವೇ ಉಪಾಯಗಳು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಸಮುಚ್ಚಯವೊಂದರಲ್ಲಿ, ನುಗ್ಗಿದ ಮಳೆನೀರನ್ನು ಮೋಟಾರಿನಿಂದ ಹೊರಹಾಕುವ ಹೊತ್ತಿನಲ್ಲಿ ವಿದ್ಯುತ್ತು ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ಪ್ರಾಣ ಕಳೆದುಕೊಂಡರು. ನೀರು ನಿಂತ ನೆಲಮಾಳಿಗೆಗೆ, ಮುಖ್ಯ ವಿದ್ಯುತ್ ಸಂಪರ್ಕವನ್ನು ಬಲ್ಲವರಿಂದ ಕಡಿತಗೊಳಿಸದೆ, ಯಾರೂ ಕಾಲಿಡಬಾರದು. ಹಗೇವಿನ ಮುಚ್ಚಳ ತೆಗೆದೊಡನೆ ಒಳಗಿಳಿಯಬಾರದೆಂದು, ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕೆಂದು ನಮ್ಮ ಅಜ್ಜಂದಿರು ಮಕ್ಕಳಿಗೆ ಹೇಳುತ್ತಿದ್ದರು. ನೆಲದಡಿಯ ಜಾಗಕ್ಕೆ ತನ್ನದೇ ಆದ ಅಪಾಯಗಳುಂಟು.

ದೂರದೇಶದಲ್ಲಿರುವ ಮಗನೋ ಮಗಳೋ ನೆಲಮಾಳಿಗೆಯುಳ್ಳ ಮನೆ ಕೊಳ್ಳುತ್ತೇವೆಂದು ತಿಳಿಸಿದರೆ ಹೆತ್ತವರು ಈ ನಾಲ್ಕು ಪ್ರಶ್ನೆಗಳನ್ನು ಕೇಳಲಿ: ನೀರಿನ ಮೂಲವನ್ನು ಪರೀಕ್ಷಿಸಿದವರು ಯಾರು? ಬಂದ ನೀರು ಹೋಗುವುದೆಲ್ಲಿಗೆ? ವಿದ್ಯುತ್ತು ಹೋದರೆ ಪಂಪು ನಡೆಯುವುದು ಹೇಗೆ? ವರ್ಷವರ್ಷವೂ ತೊಳೆದು ಪರೀಕ್ಷಿಸುವ ಹೊಣೆ ಯಾರದು? ಇವಕ್ಕೆ ಸರಿಯಾದ ಉತ್ತರ ದೊರೆತರೆ ಆ ಕೋಣೆಯಲ್ಲಿ ನಿಶ್ಚಿಂತೆಯಿಂದ ಬಾಳಬಹುದು. ದೊರೆಯದಿದ್ದರೆ, ದೊರೆಯುವವರೆಗೆ ಅಲ್ಲಿ ಯಾರ ಹಾಸಿಗೆಯನ್ನೂ ಹಾಸದಿರುವುದೇ ಕ್ಷೇಮ.