ಜೀರ್ಣರಥಕ್ಕೆ ನವವೇಗ

ವಸ್ತುವೊಂದು ಹಳತಾದೊಡನೆ ಅದನ್ನು ಮನೆಯಿಂದ ಹೊರಹಾಕುವುದು ಈಗಿನ ರೂಢಿ. ನಮ್ಮ ಹಿರಿಯರು ಹಾಗೆ ಮಾಡುತ್ತಿರಲಿಲ್ಲ. ಒಡೆದ ಕೊಡವು ಕಂಚುಗಾರನ ಕೈಸೇರಿ ಚೆಂಬಾಗಿ ಮರಳುತ್ತಿತ್ತು. ಮುರಿದ ಬಂಡಿಯ ಮರವು ಕೊಟ್ಟಿಗೆಯ ಕಂಬವಾಗುತ್ತಿತ್ತು. ಹಳೆಯದರಲ್ಲಿ ಉಳಿದಿರುವ ಸಾರವನ್ನು ಕಂಡುಹಿಡಿದು ಅದಕ್ಕೆ ಹೊಸ ಜೀವವನ್ನು ಕೊಡುವ ಈ ಬುದ್ಧಿಯು ಯಂತ್ರಯುಗದಲ್ಲಿಯೂ ನಶಿಸಿಲ್ಲವೆಂಬುದಕ್ಕೆ, ಅಮೆರಿಕಾ ದೇಶದ ತರುಣರು ತಮ್ಮ ಮನೆಯ ಹಿತ್ತಿಲುಗಳಲ್ಲಿ ಕಟ್ಟಿದ 'ಹಾಟ್ ರಾಡ್' ಎಂಬ ಮೋಟಾರು ಬಂಡಿಯು ಒಂದು ಒಳ್ಳೆಯ ನಿದರ್ಶನವಾಗಿದೆ.

ಹಾಟ್ ರಾಡ್ ಎಂದರೆ ಯಾವ ಕಾರ್ಖಾನೆಯಲ್ಲಿಯೂ ಸಿದ್ಧವಾಗಿ ಬರತಕ್ಕ ಗಾಡಿಯಲ್ಲ. ಹಳೆಯ ಕಾರೊಂದನ್ನು ಬಿಚ್ಚಿ, ಅನಾವಶ್ಯಕವಾದ ಭಾರವನ್ನು ತೆಗೆದುಹಾಕಿ, ಅದರ ಎಂಜಿನ್ನನ್ನು ತಿದ್ದಿ ಇಲ್ಲವೆ ಹೆಚ್ಚು ಬಲವುಳ್ಳ ಬೇರೊಂದನ್ನು ಕೂರಿಸಿ, ಮೂಲದ ಗಾಡಿಗಿಂತ ಎಷ್ಟೋ ಪಾಲು ಹೆಚ್ಚು ವೇಗವಾಗಿ ಓಡುವಂತೆ ಮಾಡಿದರೆ ಅದು ಹಾಟ್ ರಾಡ್ ಆಗುತ್ತದೆ. ಆದುದರಿಂದ ಒಬ್ಬನು ಕಟ್ಟಿದ ಗಾಡಿಯಂತೆ ಇನ್ನೊಬ್ಬನದು ಇರುವುದಿಲ್ಲ. ಕಟ್ಟಿದವನ ಬುದ್ಧಿ, ಹಣ, ತಾಳ್ಮೆ ಈ ಮೂರೂ ಅದರಲ್ಲಿ ಕಣ್ಣಿಗೆ ಕಾಣುತ್ತವೆ.

ಈ ವಿದ್ಯೆಯು ಹುಟ್ಟಲು ಮುಖ್ಯ ಕಾರಣ ಹೆನ್ರಿ ಫೋರ್ಡ್ ಎಂಬಾತನು ಮಾಡಿದ ಅಗ್ಗದ ಕಾರುಗಳು. 1908ರಿಂದ 1927ರವರೆಗೆ ಆತನ ಕಾರ್ಖಾನೆಗಳಿಂದ 'ಮಾಡೆಲ್ ಟಿ' ಎಂಬ ಗಾಡಿಗಳು 1 ಕೋಟಿ 50 ಲಕ್ಷ ಹೊರಬಂದುವು. ಅನಂತರ 1931ರವರೆಗೆ 'ಮಾಡೆಲ್ ಎ' ಎಂಬುವು ಸುಮಾರು 48 ಲಕ್ಷ ತಯಾರಾದುವು. ಇಷ್ಟು ಗಾಡಿಗಳಿದ್ದ ಮೇಲೆ ಗುಜರಿಗೆ ಬಂದವುಗಳಿಗೂ ಕಡಿಮೆಯಿರಲಿಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದ ಹುಡುಗನೂ ಅಲ್ಪ ಬೆಲೆಗೆ ಒಂದು ಹಳೆಯ ಫೋರ್ಡನ್ನು ಕೊಳ್ಳಬಹುದಾಗಿತ್ತು. ಒಂದು ಗಾಡಿಯ ಭಾಗವು ಮತ್ತೊಂದಕ್ಕೆ ಹೊಂದುತ್ತಿದ್ದುದರಿಂದ, ಎರಡು ಮುರುಕು ಗಾಡಿಗಳನ್ನು ಸೇರಿಸಿ ಒಂದು ಒಳ್ಳೆಯ ಗಾಡಿಯನ್ನು ಮಾಡುವುದೂ ಸಾಧ್ಯವಿದ್ದಿತು.

ಇದಕ್ಕೆ ತಕ್ಕ ಬಯಲೂ ಅವರಿಗೆ ದೊರೆಯಿತು. ಕ್ಯಾಲಿಫೋರ್ನಿಯಾ ಪ್ರಾಂತದ ದಕ್ಷಿಣ ಭಾಗದಲ್ಲಿ ಮೊಹಾವೆ ಎಂಬ ಮರುಭೂಮಿಯಿದೆ. ಅಲ್ಲಿ ನೀರು ಬತ್ತಿ ನೆಲವು ಸಮತಟ್ಟಾಗಿ ಗಟ್ಟಿಕಟ್ಟಿರುವ ಮುರಾಕ್, ಎಲ್ ಮಿರಾಜ್ ಮುಂತಾದ ಒಣಕೆರೆಗಳುಂಟು. ತರುಣರು ರಜಾದಿನಗಳಲ್ಲಿ ತಮ್ಮ ಗಾಡಿಗಳನ್ನು ಅಲ್ಲಿಗೆ ಒಯ್ದು ವೇಗಪರೀಕ್ಷೆ ಮಾಡತೊಡಗಿದರು. ಮೊದಮೊದಲು ಹಲವು ಗಾಡಿಗಳು ಜೊತೆಯಾಗಿ ಓಡುತ್ತಿದ್ದುದರಿಂದ, ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ದಾರಿಯೇ ಕಾಣದಾಗುತ್ತಿತ್ತು. ಕ್ರಮವಿಲ್ಲದ ಆಟವು ಉಳಿಯಲಾರದೆಂದು ಅರಿತು, 1937ರಲ್ಲಿ ಹಲವು ಕೂಟಗಳು ಒಂದಾಗಿ 'ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್' ಎಂಬ ಸಂಘವನ್ನು ಸ್ಥಾಪಿಸಿದುವು.

1932ರಲ್ಲಿ ಫೋರ್ಡ್ ಕಂಪೆನಿಯು ಎಂಟು ಸಿಲಿಂಡರುಗಳ 'ವಿ-8' ಎಂಜಿನ್ನುಳ್ಳ ಕಾರನ್ನು ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ಮಾರಾಟಕ್ಕೆ ತಂದುದು ಈ ವಿದ್ಯೆಗೆ ಬಹಳ ಅನುಕೂಲವಾಯಿತು. ಮಾಡೆಲ್ ಟಿ ಗಾಡಿಯದು 20 ಅಶ್ವಶಕ್ತಿ, ಮಾಡೆಲ್ ಎ ಗಾಡಿಯದು 40. ಈ ಹೊಸ ಎಂಜಿನ್ನಾದರೋ 65 ಅಶ್ವಶಕ್ತಿಯುಳ್ಳದ್ದಾಗಿತ್ತು. ಹಗುರವಾದ ಹಳೆಯ ಗಾಡಿಗೆ ಈ ಎಂಜಿನ್ನನ್ನು ಕೂರಿಸುವುದೇ ಹಾಟ್ ರಾಡ್ ಕಟ್ಟುವವರ ಮುಖ್ಯ ಮಾರ್ಗವಾಯಿತು. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದ ಮೇಲೆ, ಸೈನ್ಯದಲ್ಲಿ ಯಂತ್ರಗಳ ಕೆಲಸವನ್ನು ಕಲಿತು ಬಂದ ಯುವಕರು ಇದಕ್ಕೆ ಇನ್ನಷ್ಟು ಹುರುಪು ತುಂಬಿದರು. 1946ರಲ್ಲಿ ಬಿಲ್ ಬರ್ಕ್ ಎಂಬಾತನು, ಯುದ್ಧವಿಮಾನಗಳ ಹೊಟ್ಟೆಯ ಕೆಳಗೆ ತೂಗಹಾಕುತ್ತಿದ್ದ ಪೆಟ್ರೋಲು ತೊಟ್ಟಿಯನ್ನೇ ಕೊಂಡುತಂದು ಅದನ್ನು ಕಾರಿನ ಒಡಲಾಗಿ ಮಾಡಿಕೊಂಡನು! 1948ರ ಜನವರಿಯಲ್ಲಿ ಈ ವಿಷಯಕ್ಕೆಂದೇ 'ಹಾಟ್ ರಾಡ್' ಎಂಬ ಮಾಸಪತ್ರಿಕೆಯು ಹೊರಟಿತು.

ವೇಗವನ್ನು ಹೆಚ್ಚಿಸುವ ಉಪಾಯಗಳು ಮೂರು: ಬಲವನ್ನು ಏರಿಸುವುದು, ಭಾರವನ್ನು ಇಳಿಸುವುದು, ಗಾಳಿಯ ತಡೆಯನ್ನು ತಗ್ಗಿಸುವುದು. ಎಂಜಿನ್ನಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಉರಿಯುತ್ತವೆಯಷ್ಟೆ. ಉರಿಯುವ ಮೊದಲು ಆ ಮಿಶ್ರಣವನ್ನು ಎಷ್ಟು ಹೆಚ್ಚಾಗಿ ಒತ್ತಿದರೆ ಅಷ್ಟು ಹೆಚ್ಚು ಬಲವು ದೊರೆಯುತ್ತದೆ. ಇದಕ್ಕಾಗಿ ಸಿಲಿಂಡರುಗಳ ಮೇಲುಮುಚ್ಚಳವನ್ನು ತುಸು ಅರೆದು ಒಳಗಿನ ಅವಕಾಶವನ್ನು ಕಿರಿದು ಮಾಡುತ್ತಿದ್ದರು. ಒಂದು ಕಾರ್ಬುರೇಟರಿದ್ದಲ್ಲಿ ಎರಡನ್ನು ಇಟ್ಟು ಮಿಶ್ರಣವು ಧಾರಾಳವಾಗಿ ಒಳಸೇರುವಂತೆಯೂ, ಹೊಗೆಯ ಕೊಳವೆಗಳನ್ನು ಬದಲಾಯಿಸಿ ಅದು ತಡೆಯಿಲ್ಲದೆ ಹೊರಹೋಗುವಂತೆಯೂ ಮಾಡುತ್ತಿದ್ದರು. ಆದರೆ ಅತಿಯಾಗಿ ಒತ್ತಿದರೆ ಮಿಶ್ರಣವು ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನುಗಳೇ ಕೆಡಬಹುದು. ಬಲ ಹೆಚ್ಚಿದಂತೆ ಶಾಖವೂ ಹೆಚ್ಚುವುದರಿಂದ ರೇಡಿಯೇಟರನ್ನೂ ದೊಡ್ಡದು ಮಾಡಬೇಕಾಗುತ್ತದೆ.

ಮಡ್‌ಗಾರ್ಡು, ಕಾಲ್ಮೆಟ್ಟು, ಮೇಲುಹೊದಿಕೆ ಇವನ್ನು ತೆಗೆದುಹಾಕಿದರೆ ಭಾರವು ಇಳಿಯುತ್ತದೆ. ಗಾಳಿಯ ವಿಷಯವು ಇನ್ನೂ ವಿಚಾರಯೋಗ್ಯವಾದುದು. ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಕು ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಅಶ್ವಶಕ್ತಿಯು ಎಂಟು ಮಡಿಯಾಗುತ್ತದೆ. ಕಟ್ಟುವವರು ಕಾರಿನ ಒಡಲನ್ನು ಚೌಕಟ್ಟಿನ ಮೇಲೆ ಆದಷ್ಟು ತಗ್ಗಿಸಿ, ಮುಂದಿನ ಗಾಜನ್ನು ಗಿಡ್ಡಗೊಳಿಸಿದ್ದು ಅಂದಕ್ಕಾಗಿ ಮಾತ್ರವೇ ಎಂದು ತಿಳಿಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಮನೆಯ ಯಜಮಾನರೂ ತಾಯಂದಿರೂ ಮುಖ್ಯವಾಗಿ ಮನಸ್ಸಿನಲ್ಲಿಡಬೇಕಾದ ಮಾತನ್ನು ಹೇಳುವೆನು. ಹಳೆಯ ಗಾಡಿಯ ಬ್ರೇಕು ಹಳೆಯ ವೇಗಕ್ಕಾಗಿ ಮಾಡಿದ್ದು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿಯನ್ನು 80ಕ್ಕೆ ಏರಿಸಿದರೆ ಅದರಲ್ಲಿ ಅಡಗಿರುವ ಚಲನಶಕ್ತಿಯು ನಾಲ್ಕು ಪಾಲಾಗುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಸುಮಾರು ನಾಲ್ಕು ಪಾಲಾಗುತ್ತದೆ. ಫೋರ್ಡ್ ಕಾರುಗಳಿಗೆ 1938ರವರೆಗೂ ಸರಳು, ತಂತಿಗಳಿಂದ ಎಳೆಯುವ ಬ್ರೇಕುಗಳಿದ್ದುವು. ದ್ರವದ ಒತ್ತಡದಿಂದ ನಾಲ್ಕು ಚಕ್ರಗಳನ್ನೂ ಸಮನಾಗಿ ಹಿಡಿಯುವ ಬ್ರೇಕುಗಳು ಬಂದುದು 1939ರ ಮಾದರಿಯಲ್ಲಿ. ತಿಳಿದ ಕೆಲಸಗಾರರು ತಮ್ಮ ಹಳೆಯ ಗಾಡಿಗಳಿಗೆ ಈ ಹೊಸ ಬ್ರೇಕುಗಳನ್ನು ಹಾಕಿಕೊಂಡರು. ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಲಗಾಮಿಗೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿರುವುದು ವಾಚಕರಿಗೆ ತಿಳಿದೇ ಇದೆ. ಲಗಾಮನ್ನು ಭದ್ರಪಡಿಸದೆ ಕುದುರೆಗಳ ಸಂಖ್ಯೆಯನ್ನು ಹೆಚ್ಚಿಸುವವನು ಸಾರಥಿಯೆನಿಸಲಾರನು.

ಆದಕಾರಣ ಕೆಲಸದ ಕ್ರಮವು ಹೀಗಿರತಕ್ಕದ್ದು. ಮೊದಲು ಗಾಡಿಯನ್ನು ಪೂರ್ತಿಯಾಗಿ ಬಿಚ್ಚಿ, ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆದಿಡಬೇಕು. ಎರಡನೆಯದಾಗಿ, ಚೌಕಟ್ಟನ್ನು ತೊಳೆದು, ತುಕ್ಕು, ಬಿರುಕು, ಬಾಗುಗಳನ್ನು ಪರೀಕ್ಷಿಸಿ ಬಲಪಡಿಸಬೇಕು. ಮೂರನೆಯದು ಬ್ರೇಕು, ಸ್ಟೀರಿಂಗು, ಅಚ್ಚು ಮತ್ತು ಚಕ್ರಗಳು. ಎಂಜಿನ್ನಿನ ಸರದಿ ನಾಲ್ಕನೆಯದು. ಅದರ ಬಲವನ್ನು ಗೇರುಪೆಟ್ಟಿಗೆಯೂ ಹಿಂದಿನ ಅಚ್ಚೂ ತಾಳಬಲ್ಲುವೇ ಎಂಬುದನ್ನು ಆಗಲೇ ನೋಡಬೇಕು. ಅನಂತರ ವಿದ್ಯುತ್ತಿನ ತಂತಿಗಳು, ದೀಪಗಳು. ಬಣ್ಣ ಬಳಿಯುವುದು ಕಟ್ಟಕಡೆಯ ಕೆಲಸ. ಉತ್ಸಾಹದ ಹುಡುಗರು ಈ ಕ್ರಮವನ್ನು ತಲೆಕೆಳಗು ಮಾಡಿ ಬಣ್ಣ, ಎಂಜಿನ್ನುಗಳಿಂದಲೇ ಆರಂಭಿಸುವುದುಂಟು. ಹಣವೆಲ್ಲ ಅಲ್ಲಿ ತೀರಿ, ಬ್ರೇಕಿಗೆ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ.

ಮನೆಯಲ್ಲಿ ಈ ಕೆಲಸ ನಡೆಯುವಾಗ ಎಚ್ಚರಿಕೆಯು ಬಹಳ ಅವಶ್ಯಕ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಎಂದಿಗೂ ಮಲಗಬಾರದು. ಭದ್ರವಾದ ಕಬ್ಬಿಣದ ಊರೆಗಳನ್ನು ಕೊಟ್ಟಿರಬೇಕು. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ಓಡಿಸಿದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವು ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನು ಅರಿಯದೆಯೇ ಮೂರ್ಛೆಹೋಗಿ ಸಾಯುತ್ತಾನೆ. ಬರಿದಾದ ಪೆಟ್ರೋಲು ತೊಟ್ಟಿಯು ತುಂಬಿದ್ದಕ್ಕಿಂತ ಅಪಾಯಕರವಾದುದು, ಏಕೆಂದರೆ ಒಳಗೆ ಉಳಿದ ಆವಿಯು ಬೆಸುಗೆಯ ಕಿಡಿ ತಾಕಿದೊಡನೆ ಸಿಡಿಯುತ್ತದೆ. ಹಳೆಯ ಬ್ರೇಕುಗಳ ಒಳಪಟ್ಟಿಯಲ್ಲಿ ಕಲ್ನಾರು ಇರುವುದರಿಂದ ಅದರ ಧೂಳನ್ನು ಊದಬಾರದು. ಅದು ಶ್ವಾಸಕೋಶವನ್ನು ಹೊಕ್ಕರೆ ವರ್ಷಗಳ ಮೇಲೆ ರೋಗವಾಗಿ ತೋರುತ್ತದೆ.

ಗಾಡಿಯು ಸಿದ್ಧವಾಯಿತು, ಅದನ್ನು ಓಡಿಸುವುದೆಲ್ಲಿ? ಅಮೆರಿಕಾದಲ್ಲಿಯೂ ಈ ಪ್ರಶ್ನೆ ಎದ್ದಿತು. ತರುಣರು ಊರ ಬೀದಿಗಳಲ್ಲಿಯೇ ಪಂದ್ಯ ಕಟ್ಟಿ ಓಡತೊಡಗಿದಾಗ ಅಪಘಾತಗಳಾದುವು, ಜನರು ರೊಚ್ಚಿಗೆದ್ದರು. ಹಾಟ್ ರಾಡ್ ಎಂಬ ಹೆಸರೇ ಪುಂಡತನಕ್ಕೆ ಪರ್ಯಾಯವಾಯಿತು. ಆಗ 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತನು 'ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್' ಎಂಬ ಸಂಘವನ್ನು ಸ್ಥಾಪಿಸಿದನು. 1953ರಲ್ಲಿ ಪೊಮೋನಾ ಎಂಬ ಊರಿನ ಜಾತ್ರೆಯ ಬಯಲಿನಲ್ಲಿ, ಅಲ್ಲಿಯ ಪೋಲೀಸರ ಸಹಕಾರದಿಂದಲೇ, ಸಂಘದ ಮೊದಲ ಓಟವು ನಡೆಯಿತು. ಪ್ರತಿಯೊಂದು ಗಾಡಿಯನ್ನೂ ಪರೀಕ್ಷಿಸಿದ ಮೇಲೆಯೇ ಓಡಲು ಬಿಡುವ ಪದ್ಧತಿಯು ಬಂದಿತು. ಬೈದು ಅಟ್ಟುವುದರಿಂದ ಆಗದ ಕೆಲಸವು ಜಾಗವನ್ನೂ ನಿಯಮವನ್ನೂ ಕೊಟ್ಟುದರಿಂದ ಆಯಿತು. ಹದಿಹರೆಯದ ಮಕ್ಕಳುಳ್ಳ ಪ್ರತಿಯೊಂದು ಮನೆಗೂ ಈ ಪಾಠವು ಸಲ್ಲುತ್ತದೆ.

ನಮ್ಮ ದೇಶದ ಸ್ಥಿತಿಯು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಿಕೊಳ್ಳುವ ಸ್ವಾತಂತ್ರ್ಯವು ಒಡೆಯನಿಗಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಇಲ್ಲಿ ಹಾಟ್ ರಾಡ್ ಕಟ್ಟಿ ಬೀದಿಯಲ್ಲಿ ಓಡಿಸುವುದು ತರವಲ್ಲ. ಹಳೆಯ ಗಾಡಿಯನ್ನು ಮೂಲರೂಪಕ್ಕೆ ತರುವ ಜೀರ್ಣೋದ್ಧಾರಕ್ಕೆ ಮಾತ್ರ ದಾರಿಯಿದೆ. 50 ವರ್ಷಕ್ಕೆ ಮೀರಿದ, ಮೂಲರೂಪದಲ್ಲಿಯೇ ಇರುವ ಗಾಡಿಗಳನ್ನು ಪ್ರತ್ಯೇಕವಾಗಿ ದಾಖಲು ಮಾಡಿಸಲು 2021ರಲ್ಲಿ ನಿಯಮಗಳಾಗಿವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿದವರಿಗೆ ಇದರ ಸೊಗಸು ತಿಳಿದೀತು. ಅಮೆರಿಕಾದವರು ಕೊಯ್ದ ಗಾಡಿಗಳು ಅಂದು ಹೇರಳವಾಗಿದ್ದುವು. ಇಂದು ಅಪರೂಪವಾಗಿರುವ ಸುಸ್ಥಿತಿಯ ಗಾಡಿಯನ್ನು ಕೊಯ್ಯುವುದು ಅವಿವೇಕ. ಅಲ್ಲಿಯೂ ಈಗ ಹಲವರು ಹೊಸದಾಗಿ ಮಾಡಿದ ಗಾಜುನಾರಿನ ಒಡಲುಗಳನ್ನು ಬಳಸುತ್ತಾರೆ.

ಮಗನ ಕೈಗೆ ಗ್ರೀಸು ಮೆತ್ತಿದುದನ್ನು ಕಂಡು ಮುಖ ಸಿಂಡರಿಸುವ ಗೃಹಸ್ಥರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ಒಂದು ಮಾತನ್ನು ಯೋಚಿಸಬೇಕು. ಒಂದು ಯಂತ್ರವನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂಡಿಸಿದ ಹುಡುಗನು ಗಣಿತ, ಭೌತಶಾಸ್ತ್ರಗಳನ್ನು ಕೈಯಿಂದ ಓದಿದ್ದಾನೆ. ಆ ಯಂತ್ರದ ಬಲವೆಷ್ಟು, ಮಿತಿಯೆಷ್ಟು ಎಂಬುದು ಅವನಿಗೆ ತಿಳಿದಿದೆ. ಹಳೆಯ ಕಾರು ದೊರೆಯದಿದ್ದರೆ ಕೆಟ್ಟುನಿಂತ ನೀರಿನ ಪಂಪಾದರೂ ಸಾಕು. ಆದರೆ ತಂದೆಯಾದವನು ಪ್ರತಿ ಭಾನುವಾರ ಹತ್ತಿರ ಕುಳಿತು ಲೆಕ್ಕವನ್ನೂ ಕ್ರಮವನ್ನೂ ನೋಡಬೇಕು. ಎಂಜಿನ್ನನ್ನು ಮೊದಲು ಓಡಿಸಿ ನೋಡುವ ದಿನ ಅವನೂ ಅಲ್ಲಿರಬೇಕು. ಅದಕ್ಕೆ ಮುಂಚೆ ಬ್ರೇಕನ್ನು ಪರೀಕ್ಷಿಸುವ ದಿನವಂತೂ ತಪ್ಪದೆ ಇರಬೇಕು.